ಗೆರೆ ಮಾಸ್ತರರು ಪೆನ್ಸಿಲ್ ಕೆಳಗಿಟ್ಟಾಗ

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಯಾರೂ ಮುಟ್ಟದೆ ಮೆತ್ತಗಾಯಿತು. ಸಾಮಾನ್ಯವಾಗಿ ಇದು ಆಗದ ಮಾತು. ಒಗ್ಗರಣೆಯ ವಾಸನೆ ಬಂದರೆ ಸಾಕು, ನನ್ನ ತಂಗಿಯ ಮಗಳು ಪಲ್ಲವಿ ಎಲ್ಲಿದ್ದರೂ ಬಂದು ಒಲೆಯ ಪಕ್ಕ ನಿಲ್ಲುವವಳು. ಪಿಯುಸಿ ಓದಲು ಶಿಕಾರಿಪುರದ ನನ್ನ ಮನೆಯಲ್ಲೇ ಇದ್ದಾಳೆ. ಅವತ್ತು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಕಣ್ಣು ಕೆಂಪಗಿತ್ತು. ಊರ ಕಡೆಯಿಂದ ಏನೋ ಕೆಟ್ಟ ಸುದ್ದಿ ಬಂದಿರಬೇಕೆಂದುಕೊಂಡು ತಟ್ಟೆಯನ್ನು ಅವಳ ಪಕ್ಕ ಇಟ್ಟೆ.

“ಏನಾಯ್ತೇ?”

“ಅವರು ರಿಟೈರ್ ಆಗ್ತಿದಾರಂತೆ ದೊಡ್ಡಮ್ಮ. ಇನ್ನು ಸಿನಿಮಾ ಮಾಡಲ್ವಂತೆ.”

ಯಾರೋ ದೂರದೇಶದ ನಿರ್ದೇಶಕರು. ಚಿತ್ರಗಳನ್ನು ಬರೆದು ಬರೆದು ಓಡಾಡಿಸಿ ಸಿನಿಮಾ ಮಾಡುವವರು. ನನಗೆ ಸಮಾಧಾನವಾಗಿ ನಗು ಬಂತು. “ಅಯ್ಯೋ, ವಯಸ್ಸಾಗಿರಲ್ವೇನೆ ಅವರಿಗೂ? ಕೂತ್ಕೊಳ್ಳಲಿ ಬಿಡು ಹಾಯಾಗಿ” ಎಂದುಬಿಟ್ಟೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು. ಬೈಯಲಿಲ್ಲ, ಬರೀ ನೋಡಿದಳು. ಆ ಮುಖವನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಮಂಡಕ್ಕಿಯ ತಟ್ಟೆ ಎತ್ತುವಾಗ ಹೊಳೆಯಿತು. ತೊಂಬತ್ತರ ದಶಕದಲ್ಲಿ, ಇದೇ ಊರಿನಲ್ಲಿ, ದಪ್ಪ ಮೀಸೆಯ ಒಬ್ಬ ಜೋಳದ ವ್ಯಾಪಾರಿಯ ಮುಖ ಹಾಗೇ ಆಗಿತ್ತು.

ಆಗ ನಾನು ಬಿ.ಎ. ಮುಗಿಸಿ ಬಸ್ ನಿಲ್ದಾಣದ ಹತ್ತಿರ ನಮ್ಮ ಚಿಕ್ಕಪ್ಪನ ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದೆ. ಎರಡಾಳು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದಂಥ ಅಂಗಡಿ. ಗಾಜಿನ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡವರು ತಮ್ಮ ಮಾತು ಯಾರಿಗೂ ಕೇಳುವುದಿಲ್ಲವೆಂದು ನಂಬಿ ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದರು. ಯಾರ ಮಗಳಿಗೆ ಎಲ್ಲಿಂದ ಗಂಡು ಬಂತು, ಯಾರ ಲಾರಿ ಎಲ್ಲಿ ನಿಂತಿತು, ಎಲ್ಲ ನನಗೆ ಮೊದಲೇ ಗೊತ್ತಾಗುತ್ತಿತ್ತು. ಇದರಿಂದ ನಾನು ಬಹಳ ತಿಳಿದವಳು ಎಂಬ ಒಂದು ಜಂಬವೂ ಬಂದಿತ್ತೆನ್ನಿ.

ಭಾನುವಾರ ಬೆಳಿಗ್ಗೆ ಮಾತ್ರ ಬೂತಿಗೆ ಯಾರೂ ಬರುತ್ತಿರಲಿಲ್ಲ. ಟೀವಿಯಲ್ಲಿ ಹತ್ತು ನಿಮಿಷದ ಒಂದು ಚಿತ್ರಮಾಲೆ ಬರುತ್ತಿತ್ತು. ಕೊಡೆ ರಿಪೇರಿ ಮಾಡುವ ಒಬ್ಬ ಬಡಕಲು ಮನುಷ್ಯ ಊರಿಂದೂರಿಗೆ ನಡೆದು ಹೋಗುತ್ತಾನೆ. ಪ್ರತಿ ವಾರ ಒಂದು ಊರು, ಒಂದು ಮುರಿದ ಕೊಡೆ, ಅಷ್ಟೇ ಕತೆ. ಅದರಲ್ಲಿ ಮಾತೇ ಇರಲಿಲ್ಲ. ಹಾಗಾಗಿ ಹಿಂದಿ ಬಾರದ ನಮ್ಮೂರಿಗೂ ಅದು ಪೂರ್ತಿ ಅರ್ಥವಾಗುತ್ತಿತ್ತು. ಒಂದೊಂದು ಚಿತ್ರವನ್ನೂ ಕೈಯಿಂದಲೇ ಬರೆದು ಅದನ್ನು ಮಾಡುತ್ತಿದ್ದವರು ಪುಣೆಯ ಕಡೆಯ ಒಬ್ಬ ಹಿರಿಯರು. ಅವರ ನಿಜವಾದ ಹೆಸರು ನಮ್ಮ ಬಾಯಿಗೆ ಹತ್ತಲೇ ಇಲ್ಲ. ನಮಗೆಲ್ಲ ಅವರು ಗೆರೆ ಮಾಸ್ತರರು.

ಆ ಹೆಸರಿಟ್ಟವರು ಮಾರ್ಕೆಟ್ ಯಾರ್ಡಿನ ಜೋಳದ ವ್ಯಾಪಾರಿ, ದಪ್ಪ ಮೀಸೆಯ ರುದ್ರಪ್ಪ ಸಾವ್ಕಾರರು. ಮೂಟೆ ಹೊರುವ ಹಮಾಲರು ಅವರ ದನಿಗೆ ನಡುಗುತ್ತಿದ್ದರು. ಅಂಥವರು ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಪಡಸಾಲೆಯಲ್ಲಿ ಅರ್ಧ ಓಣಿಯನ್ನು ಕೂರಿಸಿಕೊಂಡು, ಕೊಡೆಯವನು ಎಡವಿ ಬಿದ್ದರೆ “ಅಯ್ ಶಿವನೇ!” ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ನಾನೂ ಬೂತಿಗೆ ಬೀಗ ಹಾಕಿ ಅಲ್ಲಿಗೇ ಹೋಗುತ್ತಿದ್ದೆ. ಬಾಗಿಲ ಹತ್ತಿರ ಅವರ ತಂಗಿಯ ಮಗಳು ಗೌರಿ ಕೂರುತ್ತಿದ್ದಳು. ಸೊರಬದ ಕಡೆ, ಹಕ್ಕಿಗಳು ಬಂದಿಳಿಯುವ ಗುಡವಿ ಕೆರೆಯ ಹತ್ತಿರದ ಹಳ್ಳಿಯವಳು. ಹೊಲಿಗೆ ತರಗತಿಗೆಂದು ಮಾವನ ಮನೆಗೆ ಬಂದಿದ್ದಳು. ಇಪ್ಪತ್ತರ ಹುಡುಗಿ. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತಿಲ್ಲ. ಮನೆಯವರೊಂದಿಗೆ ಕೈಸನ್ನೆಯಲ್ಲೇ ಎಲ್ಲ. ಬೇರೆ ಕಾರ್ಯಕ್ರಮಗಳಿಗೆ ಜನ ನಕ್ಕ ಮೇಲೆ ಅವರ ಮುಖ ನೋಡಿ ಅವಳು ನಗಬೇಕಿತ್ತು. ಕೊಡೆಯವನು ಬಂದಾಗ ಮಾತ್ರ ಎಲ್ಲರಿಗಿಂತ ಒಂದು ಗಳಿಗೆ ಮೊದಲೇ ನಗುತ್ತಿದ್ದಳು.

ಒಂದು ಮಂಗಳವಾರ ರುದ್ರಪ್ಪನವರು ಪತ್ರಿಕೆಯನ್ನು ಸುರುಳಿ ಸುತ್ತಿಕೊಂಡು ಬೂತಿಗೆ ನುಗ್ಗಿದರು. ಒಳಪುಟದ ನಾಲ್ಕು ಸಾಲಿನ ಸುದ್ದಿ. ಗೆರೆ ಮಾಸ್ತರರು ಪೆನ್ಸಿಲ್ ಕೆಳಗಿಡುತ್ತಾರಂತೆ. ಬರುವ ಭಾನುವಾರದ್ದೇ ಕೊನೆಯ ಕಂತು.

“ಫೋನ್ ಹಚ್ಚವ್ವ ತಂಗಿ!”

“ಯಾರಿಗೆ ಸಾವ್ಕಾರ್ರೇ?”

“ಟೀವಿಯೋರಿಗೆ! ಹಿಂಗ ನಡುದಾರ್ಯಾಗ ಬಿಟ್ ಹೋದ್ರ ಹೆಂಗ? ಆ ಕೊಡೆಯಂವ ಇನ್ನೂ ನಮ್ಮೂರಿಗೆ ಬಂದಿಲ್ಲ!”

ಹಚ್ಚಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಇನ್ನೊಬ್ಬರು ಮತ್ತೊಬ್ಬರಿಗೆ. ಮೂರನೆಯವರು ಹಿಂದಿಯಲ್ಲಿ ಏನೋ ಕೇಳಿದಾಗ ಸಾವ್ಕಾರರು “ಕೊಡೆ! ಕೊಡೆ!” ಎಂದು ಕೂಗಿ, ಅತ್ತ ಫೋನ್ ಇಟ್ಟ ಸದ್ದು ಕೇಳಿ ಸಪ್ಪಗಾದರು. ಪಲ್ಲವಿಯಲ್ಲಿ ನಾನು ಕಂಡದ್ದು ಆಗಿನ ಆ ಮುಖವನ್ನೇ.

ಕೊನೆಯ ಕಂತಿನ ದಿನ ಪಡಸಾಲೆ ತುಂಬಿತ್ತು. ಕೊಡೆಯವನು ಒಂದು ಗುಡ್ಡ ಹತ್ತಿ, ಆಚೆ ಇಳಿದು, ಕಾಣದಾದ. ಓಣಿಯ ಕ್ಷೌರದ ಮಂಜಪ್ಪ ಮೂಗು ಒರೆಸಿಕೊಂಡ. ಪಕ್ಕದ ಮನೆಯ ಹಿಂದಿ ಟೀಚರ್ ಸುಲೋಚನಾ ಮೇಡಂ, “ಒಂದು ಕಾಗದನಾದ್ರೂ ಬರೆಯೋಣ ರೀ” ಎಂದರು. ಏನು ಬರೆಯುವುದೆಂಬ ಬಗ್ಗೆ ಸಾವ್ಕಾರರಿಗೆ ಅನುಮಾನವಿರಲಿಲ್ಲ. “ನಿಲ್ಲಸಬ್ಯಾಡ್ರಿ ಅಂತ ಬರೀರಿ. ಶಿಕಾರಿಪುರದ ಸಮಸ್ತರು ಅಂತ ಬರೀರಿ.” ಎಲ್ಲರೂ ಹೌದು ಹೌದು ಎಂದರು. ನಾನೂ ಎಂದೆ.

ಸಾವ್ಕಾರರು ಗೌರಿಗೂ ಅದನ್ನು ಕೈಸನ್ನೆಯಲ್ಲಿ ಹೇಳಿದರು. ಅವಳು ಎದ್ದು ಬಂದು ಮಾವನ ಎದುರು ನಿಂತು ಕೈ ಅಲ್ಲಾಡಿಸಿದಳು. ಬೇಡ. ಟೀವಿಯ ಕಡೆ ತೋರಿಸಿ, ಗಾಳಿಯಲ್ಲಿ ಕೊಡೆಯ ಕಡ್ಡಿಯಂತೆ ಒಂದು ಗೆರೆ ಎಳೆದಳು. ಎಳೆಯುವಾಗ ಬೆರಳನ್ನು ನಡುಗಿಸಿದಳು. ಆಮೇಲೆ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು ಮುಖ ಕಿವುಚಿದಳು.

“ಏನಂತಾಳೆ?” ಎಂದರು ಮೇಡಂ.

ಸಾವ್ಕಾರರು ಅವಳ ಬೆರಳನ್ನು ಇನ್ನೊಮ್ಮೆ ನೋಡಿದರು. “ಅವರ ಕೈ ನಡುಗ್ತದಂತ” ಎಂದರು ಮೆಲ್ಲಗೆ. “ಭಾಳ ದಿನದಿಂದ ಗೆರಿ ನಡುಗಾಕ್ಹತ್ಯಾವಂತ. ನೋವಾಗತದ, ಬಿಡ್ರಿ ಅಂತಾಳ.”

ಅಷ್ಟು ಜನ ಅಷ್ಟು ವಾರ ನೋಡಿದ್ದೆವು. ಎಲ್ಲ ತಿಳಿದವಳಾದ ನನಗೂ ಅದು ಕಂಡಿರಲಿಲ್ಲ.

ಅವಳು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಹೊಲಿಗೆ ತರಗತಿಯಲ್ಲಿ ಅಳತೆ ಕತ್ತರಿಸಿ ಉಳಿದ ಕಂದು ಕಾಗದವನ್ನು ಅಂಗೈಯಗಲ ತುಂಡು ಮಾಡಿ, ಒಂದು ಅಂಚಿಗೆ ಮಿಷನ್ನಿನಲ್ಲಿ ಹೊಲಿಗೆ ಹಾಕಿದ ಪುಟ್ಟ ಪುಸ್ತಕಗಳು. ಒಂದನ್ನು ಮಾವನ ಕೈಗಿಟ್ಟು, ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಡಲು ಹೇಳಿಕೊಟ್ಟಳು. ಬಿಟ್ಟರು. ಕಂದು ಕಾಗದದ ಮೇಲೆ ಒಂದು ಬೆಳ್ಳಕ್ಕಿ ಆಕಾಶದಿಂದ ಇಳಿದು ಬಂದು ಕೊಂಬೆಯ ಮೇಲೆ ಕೂತು ರೆಕ್ಕೆ ಮಡಿಸಿತು. ಸಾವ್ಕಾರರು ಇನ್ನೊಮ್ಮೆ ಬಿಟ್ಟರು. ಮತ್ತೂ ಒಮ್ಮೆ.

“ನಮ್ಮನ್ಯಾಗ ಕುಂತು ಇದನ್ನ ಯಾವಾಗ ಮಾಡಿದ್ಲು ಇಕಿ?” ಎಂದು ಯಾರನ್ನೂ ಕೇಳದೆ ಕೇಳಿದರು.

ಕೇಳುವಷ್ಟು ದಿನವೂ ಉಳಿದಿರಲಿಲ್ಲ. ಹೊಲಿಗೆ ತರಗತಿ ಮುಗಿದಿತ್ತು. ಗೌರಿಯ ತಾಯಿ ಶಾಂತಕ್ಕ ಅವಳನ್ನು ಕರೆದೊಯ್ಯಲು ಅದೇ ವಾರ ಬಂದರು. ಹಳ್ಳಿಗೆ ಹೋದರೆ ಕೊಟ್ಟಿಗೆ ಕೆಲಸ, ಅಡಿಗೆಮನೆ, ಅಷ್ಟೇ ಎಂದು ಎಲ್ಲರಿಗೂ ಗೊತ್ತಿತ್ತು.

“ಇಲ್ಲಿದ್ದು ಏನ್ ಮಾಡ್ತದೆ ಅಣ್ಣ ಅದು? ಮಾತಿಲ್ಲ ಕತೆಯಿಲ್ಲ” ಎಂದರು ಶಾಂತಕ್ಕ.

“ಕಾಗದಕ್ಕ ಉತ್ತರ ಬರೂತನಕ ಇರ್ಲಿ” ಎಂದರು ಸಾವ್ಕಾರರು. ಉತ್ತರ ಬರುತ್ತದೆಂದು ಅವರಿಗೂ ನಂಬಿಕೆಯಿರಲಿಲ್ಲ.

ಕಾಗದವನ್ನು ಸುಲೋಚನಾ ಮೇಡಂ ಹಿಂದಿಯಲ್ಲಿ ಬರೆದರು. ನಿಲ್ಲಿಸಬೇಡಿ ಎಂಬುದು ಹೋಗಿ, ಕೈಗೆ ವಿಶ್ರಾಂತಿ ಕೊಡಿ ಎಂಬುದು ಬಂತು. ಎಲ್ಲರೂ ಒಂದೊಂದು ಸಾಲು ಸೇರಿಸಿ ಸಹಿ ಹಾಕಿದರು. ಬೆಳ್ಳಕ್ಕಿಯ ಪುಸ್ತಕವನ್ನು ಒಳಗಿಟ್ಟೆವು. ವಿಳಾಸ ಹುಡುಕುವುದು ನನ್ನ ಪಾಲಿಗೆ ಬಂತು. ಎರಡು ದಿನ ಕಂಡ ಕಂಡವರಿಗೆ ಫೋನ್ ಮಾಡಿ, ಪುಣೆಯ ಒಬ್ಬ ದಂತವೈದ್ಯರಿಂದಲೂ ಒಬ್ಬ ಮದುಮಗನ ತಂದೆಯಿಂದಲೂ ಬೈಸಿಕೊಂಡು, ಕೊನೆಗೆ ಪತ್ರಿಕೆಯ ಕಚೇರಿಯವರೊಬ್ಬರಿಂದ ವಿಳಾಸ ಪಡೆದೆ. ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ನನ್ನ ಕೆಲಸ ದೊಡ್ಡದೆಂಬ ಹೆಮ್ಮೆ ಬೇರೆ.

ಒಂದು ತಿಂಗಳಾಯಿತು. ಶಾಂತಕ್ಕ ಎರಡು ಸಲ ಹೇಳಿಕಳಿಸಿದರು. ಎರಡನೇ ತಿಂಗಳ ಕೊನೆಗೆ ಉತ್ತರ ಬಂತು. ಮೇಡಂ ಪಡಸಾಲೆಯಲ್ಲಿ ನಿಂತು ಓದಿ ಕನ್ನಡದಲ್ಲಿ ಹೇಳಿದರು. ಅಕ್ಷರಗಳು ಇರುವೆ ಸಾಲು ಚದುರಿದಂತಿದ್ದವು.

“ನೂರಾರು ಜನ ಬರೆದಿದ್ದಾರೆ. ಎಲ್ಲರೂ ಹೋಗಬೇಡಿ ಎಂದವರೇ. ನನ್ನ ಕೈಯನ್ನು ನೋಡಿದವರು ನೀವೊಬ್ಬರೇ. ಹಕ್ಕಿ ಚೆನ್ನಾಗಿದೆ. ಆದರೆ ಮುಗಿದಿಲ್ಲ. ಮತ್ತೆ ನೋಡಿ ಬರೆದು ಕಳಿಸಿ.”

ಜೊತೆಗೆ ಬೆಳ್ಳಕ್ಕಿಯ ಪುಸ್ತಕ ವಾಪಸು ಬಂದಿತ್ತು. ಕೊನೆಯ ಏಳೆಂಟು ಹಾಳೆಗಳಲ್ಲಿ ಕೊಂಬೆಯ ಮೇಲೆ ಪೆನ್ಸಿಲಿನ ಒಂದೊಂದು ಚುಕ್ಕಿ. ಬೇರೇನೂ ಇಲ್ಲ. ಹಣ್ಣಿರಬೇಕೆಂದರು ಸಾವ್ಕಾರರು. ಅವರ ಕೈ ತಪ್ಪಿ ಬಿದ್ದ ಗುರುತೆಂದೆ ನಾನು. ಗೌರಿ ಎರಡು ದಿನ ಆ ಚುಕ್ಕಿಗಳನ್ನೇ ನೋಡಿದಳು. ಮೂರನೇ ದಿನ ಮಾವನ ತೋಳು ಹಿಡಿದು ಎಳೆದಳು. ಗುಡವಿಗೆ ಹೋಗಬೇಕು.

ಸಾವ್ಕಾರರು, ಗೌರಿ, ನಾನು ಮೂವರೂ ಸೊರಬದ ಬಸ್ಸು ಹತ್ತಿದೆವು. ಅಲ್ಲಿಂದ ಮುಂದಕ್ಕೆ ಒಂದು ಟೆಂಪೋ. ಸಾವ್ಕಾರರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ ಉಟ್ಟಿದ್ದರು, ಬೀಗರ ಮನೆಗೆ ಹೊರಟಂತೆ. ಕೆರೆಯ ನೀರಿನಲ್ಲಿ ಮುಕ್ಕಾಲು ಮುಳುಗಿದ ಮರಗಳು. ಮರದ ತುಂಬ ಬಿಳಿ ಹಕ್ಕಿಗಳ ಗದ್ದಲ. ಗೌರಿ ದಂಡೆಯಲ್ಲಿ ಕೂತವಳು ಅಲುಗಲಿಲ್ಲ. ಒಂದು ಗಂಟೆಯಾಯಿತು. ಸಾವ್ಕಾರರು ಒಮ್ಮೆ ಮಾರ್ಕೆಟ್ಟಿನ ದನಿಯಲ್ಲಿ ಸೀನಿದರು. ಅರ್ಧ ಮರ ಖಾಲಿಯಾಯಿತು. ಗೌರಿ ತಿರುಗಿ ನೋಡಿದ ನೋಟಕ್ಕೆ, ಹಮಾಲರನ್ನು ನಡುಗಿಸುವ ಮನುಷ್ಯ ಕರವಸ್ತ್ರದಿಂದ ಬಾಯಿ ಮುಚ್ಚಿ ಕೂತರು.

ಹಕ್ಕಿಗಳು ಒಂದೊಂದಾಗಿ ಮರಳಿ ಬಂದವು. ಗೌರಿ ತಟ್ಟನೆ ನನ್ನ ಮೊಣಕೈ ಹಿಡಿದಳು. ಅವಳ ಎಡಗೈ ಅಡ್ಡಕ್ಕೆ ಚಾಚಿತ್ತು, ಅದು ಕೊಂಬೆ. ಬಲಗೈ ಹಕ್ಕಿಯಾಗಿ ಬಂದು ಅದರ ಮೇಲೆ ಕೂತಿತು. ಕೂತೊಡನೆ ಎಡಗೈ ಕೆಳಗೆ ಬಾಗಿತು, ಮೇಲೆದ್ದಿತು, ಇನ್ನೊಮ್ಮೆ ಸ್ವಲ್ಪ ಬಾಗಿ ನಿಂತಿತು. ನಾನು ಮರದ ಕಡೆ ನೋಡಿದೆ. ಪ್ರತಿ ಹಕ್ಕಿ ಕೂತಾಗಲೂ ಕೊಂಬೆ ಹಾಗೇ ತೂಗುತ್ತಿತ್ತು. ಅವಳ ಪುಸ್ತಕದಲ್ಲಿ ಹಕ್ಕಿ ಕೂತಿತ್ತು, ಕೊಂಬೆ ಮಾತ್ರ ಕಬ್ಬಿಣದಂತೆ ನಿಂತಿತ್ತು. ಹಕ್ಕಿಗೆ ಭಾರವೇ ಇರಲಿಲ್ಲ. ಚುಕ್ಕಿಗಳು ನೋಡೆಂದದ್ದು ಆ ಕೊಂಬೆಯನ್ನೇ.

“ಎಲಾ ಮಾಸ್ತರ!” ಎಂದರು ಸಾವ್ಕಾರರು ಕರವಸ್ತ್ರದೊಳಗಿಂದಲೇ.

ಅಲ್ಲಿಂದ ಶಾಂತಕ್ಕನ ಹಳ್ಳಿ ಹತ್ತಿರ. ಸಾವ್ಕಾರರು ನೇರ ಅಲ್ಲಿಗೆ ನಡೆದರು. ಅಂಗಳದಲ್ಲಿ ನಿಂತೇ ತಂಗಿಯ ಕೈಗೆ ಪುಸ್ತಕ ಕೊಟ್ಟರು. ಶಾಂತಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ಬಿಟ್ಟರು. ಬೆಳ್ಳಕ್ಕಿ ಇಳಿಯಿತು.

“ನಮ್ಮ ಕೆರೆದ್ದೇ ಅಲ್ದಾ ಇದು” ಎಂದರು. ಆಮೇಲೆ ಮಗಳ ಬೆರಳುಗಳನ್ನು ಹಿಡಿದು ತುಂಬ ಹೊತ್ತು ನೋಡಿದರು. “ಇರ್ಲಿ ಅಣ್ಣ ಅಲ್ಲೇ. ಹಬ್ಬಕ್ಕೆ ಕಳ್ಸಿದ್ರೆ ಸಾಕು.”

ಗೌರಿ ತಿದ್ದಿ ಬರೆದ ಪುಸ್ತಕ ಹೋಯಿತು, ಬೇರೆ ಚುಕ್ಕಿಗಳು ಬಂದವು. ಹೀಗೇ ನಾಲ್ಕು ವರ್ಷ. ನಿವೃತ್ತರಾದ ಗೆರೆ ಮಾಸ್ತರರು ಒಂದು ಗೆರೆಯನ್ನೂ ಎಳೆಯದೆ, ಬರೀ ಚುಕ್ಕಿಗಳಿಂದ ಅವಳಿಗೆ ಕಲಿಸಿದರು. ಅವರ ಶಿಫಾರಸಿನ ಮೇಲೆ ಅವಳಿಗೆ ಶಿವಮೊಗ್ಗದಲ್ಲಿ ಕಿವಿ ಕೇಳಿಸದ ಮಕ್ಕಳ ಶಾಲೆಯೊಂದರಲ್ಲಿ ಚಿತ್ರ ಕಲಿಸುವ ಕೆಲಸ ಸಿಕ್ಕಿತು. ಶಿವಮೊಗ್ಗದ ಬಸ್ಸು ಹತ್ತಿಸಲು ಸಾವ್ಕಾರರು ಬಂದಿದ್ದರು. ಬಸ್ಸು ಹೋದ ಮೇಲೆ ನನ್ನ ಬೂತಿನ ಮುಂದೆ ನಿಂತು, ಫೋನ್ ಮಾಡುವಂತಿಲ್ಲವಲ್ಲ ಇವಳಿಗೆ ಎಂದು ಕಣ್ಣು ಒರೆಸಿಕೊಂಡರು. ಗೌರಿ ಈಗಲೂ ಅಲ್ಲೇ ಇದ್ದಾಳೆ. ಅವಳ ಶಾಲೆಯ ಮಕ್ಕಳು ವರ್ಷಕ್ಕೊಂದು ಪುಟ್ಟ ಸಿನಿಮಾ ಮಾಡುತ್ತಾರೆ, ಮಾತಿಲ್ಲದ್ದು.

ಇಷ್ಟನ್ನೂ ಅವತ್ತು ಮಧ್ಯಾಹ್ನ ಪಲ್ಲವಿಗೆ ಹೇಳಿದೆ. ಕೇಳಿ ಮುಗಿಸಿದವಳು ಕೇಳಿದ್ದು ಒಂದೇ. “ಆ ಕಾಗದದಲ್ಲಿ ನೀವೇನು ಬರೆದ್ರಿ ದೊಡ್ಡಮ್ಮ?”

ಏನೂ ಬರೆದಿರಲಿಲ್ಲ. ವಿಳಾಸದ ಗಡಿಬಿಡಿಯಲ್ಲಿ ನನ್ನ ಸಾಲು ಬಿಟ್ಟುಹೋಗಿತ್ತು. ಮೂವತ್ತು ವರ್ಷ ಅದು ನೆನಪೂ ಆಗಿರಲಿಲ್ಲ. ಸುಳ್ಳು ಹೇಳಲಾಗದೆ ಇದ್ದದ್ದನ್ನೇ ಅವಳಿಗೆ ಹೇಳಿದೆ.

“ನಿನ್ನ ಆ ಮನುಷ್ಯರ ಸಿನಿಮಾ ಒಂದು ಹಾಕು” ಎಂದೆ. ಹಾಕಿದಳು. ಸಂಜೆಯವರೆಗೆ ಪಕ್ಕಪಕ್ಕ ಕೂತು ನೋಡಿದೆವು. ಮಾತು ಒಂದೂ ತಿಳಿಯಲಿಲ್ಲ. ಒಂದು ಕಡೆ ಒಬ್ಬಳು ಹುಡುಗಿ ಓಡಿ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿಯೊಳಗಿನ ಕಲ್ಲು ಕೊಡವಿಕೊಳ್ಳುತ್ತಾಳೆ. ಅಷ್ಟನ್ನೇ ಇನ್ನೊಮ್ಮೆ ಹಾಕಿಸಿ ನೋಡಿದೆ. ಯಾಕೆಂದು ಕೇಳಬೇಡಿ.

ಮಾರನೆಯ ದಿನ ಒಂದು ಹಾಳೆ ತೆಗೆದುಕೊಂಡು ಕೂತೆ. ಪಲ್ಲವಿ ಇಂಗ್ಲಿಷಿಗೆ ಮಾಡಿ ಕಳಿಸುತ್ತಾಳಂತೆ. ಅವರಿಗೆ ತಲುಪುತ್ತದೋ ಇಲ್ಲವೋ ಗೊತ್ತಿಲ್ಲ. ಮೊದಲ ಸಾಲಿಗೇ ಮುಕ್ಕಾಲು ಗಂಟೆ ಹಿಡಿಯಿತು. ಹೊಡೆದು, ತಿದ್ದಿ, ಕೊನೆಗೆ ಹೀಗೆ ಬರೆದೆ:

“ಸ್ವಾಮೀ, ನಿಮ್ಮ ಸಿನಿಮಾ ನಾನು ನಿನ್ನೆ ಮೊದಲ ಸಲ ನೋಡಿದೆ. ತಡವಾಗಿ ಬಂದಿದ್ದೇನೆ, ಕ್ಷಮಿಸಿ.”