ರಂಗೋಲಿ ಇಲ್ಲದ ಬಾಗಿಲು

ಚೆನ್ನೈನ ನಮ್ಮ ಆಫೀಸಿನ ಬಾಗಿಲಿಗೆ ದಿನಾ ರಂಗೋಲಿ ಹಾಕುವವರು ಕಸ ಗುಡಿಸುವ ಸೆಲ್ವಿ ಅಕ್ಕ. ಅವತ್ತು ನಾನು ಬೇಗ ಹೋಗಿ, ಅವರಿಂದ ಹಿಟ್ಟು ಇಸಿದುಕೊಂಡು, ಯುದ್ಧದಲ್ಲಿ ಸತ್ತ ಮಕ್ಕಳ ಹೆಸರಲ್ಲಿ ಒಂದು ರಂಗೋಲಿ ಬಿಡಿಸಿದೆ. ಚುಕ್ಕಿಗೊಂದು ಪುಟ್ಟ ಚಪ್ಪಲಿ.

“ಯಾರಿಗಮ್ಮಾ ಇದು?” ಎಂದರು ಅಕ್ಕ. ಹೇಳಿದೆ.

“ಅಯ್ಯೋ, ಸಾವಾದಾಗ ಯಾರಾದರೂ ರಂಗೋಲಿ ಹಾಕ್ತಾರಾ? ಬಾಗಿಲನ್ನ ಬರಿದಾಗೇ ಬಿಡಬೇಕು. ಇಂಗ್ಲಿಷ್ ಸ್ಕೂಲಲ್ಲಿ ಇದನ್ನ ಹೇಳಿಕೊಡಲ್ವಾ?”

ಇಬ್ಬರೂ ಸೇರಿ ನೀರು ಹಾಕಿ ಅಳಿಸಿದೆವು. ಆ ಬರೀ ನೆಲದ ಮುಂದೆ ನನ್ನ ಚಿತ್ರ ಏನೂ ಅಲ್ಲ ಅನ್ನಿಸಿತು.

ಒಂಬತ್ತಕ್ಕೆ ಮ್ಯಾನೇಜರ್ ಬಂದರು. “ಏನು ಸೆಲ್ವಿ, ರಂಗೋಲಿ ಹಾಕೋಕೂ ಸೋಮಾರಿತನಾನಾ?”

ಅಕ್ಕ ನನ್ನ ಕಡೆ ನೋಡಿದರು. ಯುದ್ಧದ ವಿರುದ್ಧ ನಿಂತಿದ್ದ ನಾನು ಸುಮ್ಮನೆ ಕಂಪ್ಯೂಟರ್ ಆನ್ ಮಾಡಿದೆ. ಅಕ್ಕ ಬಗ್ಗಿ ನವಿಲು ಬಿಡಿಸಿದರು. ಚೆನ್ನಾಗಿದೆ ಅಂತ ಸಾರ್ ಫೋಟೊನೂ ತೆಗೆದುಕೊಂಡರು.