ಏಣಿಯ ಮನೆತನದ ಬೋಡಿಲ್

ಬೋಡಿಲಳ ಮುತ್ತಜ್ಜ ರಾಸ್ಮುಸ್ ಏಣಿ ಹತ್ತಿದವನು. ಅಜ್ಜ ವಾಲ್ದೆಮಾರ್ ಅದೇ ಏಣಿಯಿಂದ ಬಿದ್ದವನು. ಅಪ್ಪ ಸ್ವೆಂಡ್ ಅದನ್ನು ಹಿಡಿದುಕೊಂಡು ನಿಂತವನು. ವಾಲ್ಬಿ ಊರಿನ ಹಳಬರನ್ನು ಕೇಳಿದರೆ ಆ ಮನೆತನದ ವಂಶಾವಳಿಯನ್ನು ಇಷ್ಟರಲ್ಲೇ ಮುಗಿಸಿಬಿಡುತ್ತಾರೆ.

ರಾಸ್ಮುಸ್ ಗೋಡೆಗೆ ಸುಣ್ಣ ಬಳಿಯುವ ಕಸುಬಿನವನು. ಜೀವಮಾನದಲ್ಲಿ ಒಮ್ಮೆಯೂ ಏಣಿಯಿಂದ ಕಾಲು ಜಾರಲಿಲ್ಲ ಎಂಬುದು ಅವನ ಹೆಮ್ಮೆ. ಹಾಗಾಗಿಯೇ ಅವನನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮಗ ವಾಲ್ದೆಮಾರನೂ ಅದೇ ಕಸುಬು ಹಿಡಿದ. ಊರಂಚಿನ ಗಾಜಿನ ಮಾಡಿನ ಕೊಟ್ಟಿಗೆಯಲ್ಲಿ ಮೂಕಿ ಚಿತ್ರ ತೆಗೆಯುವವರು ಬೀಡುಬಿಟ್ಟಿದ್ದ ಕಾಲ ಅದು. ಅವರ ಸುಳ್ಳು ಗೋಡೆಗೆ ಸುಣ್ಣ ಹೊಡೆಯಲು ಹೋದ ವಾಲ್ದೆಮಾರ್ ಬಕೆಟ್ಟಿನ ಸಮೇತ ಮೇಲಿಂದ ಉರುಳಿದ. ಎದ್ದವನು ಮೊದಲು ತಲೆಯನ್ನಷ್ಟೇ ಏಣಿಯ ಕಡೆ ತಿರುಗಿಸಿ ನೋಡಿದ. ಮೈ ಇನ್ನೂ ಬಾಗಿಲ ಕಡೆಗೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ, ಯಾರೋ ಕರೆದಂತೆ, ಮೈಯೂ ತಿರುಗಿತು. ಚಿತ್ರ ತೆಗೆಯುತ್ತಿದ್ದ ಯಜಮಾನ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಇನ್ನೊಂದ್ಸಲ ಬೀಳ್ತೀಯೇನಪ್ಪಾ?" ಎಂದು ಕೇಳಿದ.

"ಯಾವ ಕಡೆಗೆ ಸ್ವಾಮಿ?" ಎಂದ ವಾಲ್ದೆಮಾರ್.

ಅವತ್ತಿನಿಂದ ಅವನ ಕಸುಬು ಬದಲಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಕೊಚ್ಚಿಕೊಳ್ಳುವವರು ಉಂಟು. ವಾಲ್ದೆಮಾರನದು ಅದರ ತಿರುವುಮುರುವು. ಅವನ ಮೀಸೆ ಮಣ್ಣಾದ ದಿನವೇ ಮನೆಯಲ್ಲಿ ಹಂದಿಮಾಂಸ ಹುರಿಯುವ ಘಮ.

ಅವನ ಮಗ ಸ್ವೆಂಡ್ ಏಣಿ ಹಿಡಿಯುವ ಕೆಲಸಕ್ಕೆ ಸೇರಿಕೊಂಡ. ಒಳ್ಳೆಯ ಆಳು, ಆದರೆ ಕರುಳು ಮೆತ್ತಗೆ. ಒಂದು ದಿನ ಅಪ್ಪ ಜೋರಾಗಿಯೇ ಬಿದ್ದದ್ದನ್ನು ಕಂಡು, ಕ್ಯಾಮೆರಾ ತಿರುಗುತ್ತಿದ್ದಾಗಲೇ ಓಡಿಹೋಗಿ ಕೈಹಿಡಿದು ಎತ್ತಿದ. ಸುತ್ತ ನಗುತ್ತಿದ್ದವರ ಬಾಯಿಗೆ ಬೀಗ ಬಿತ್ತು. ಅಯ್ಯೋ ಪಾಪ, ಮುದುಕನಿಗೆ ಪೆಟ್ಟಾಯಿತೇನೋ ಎಂದು ಎಲ್ಲರ ಮುಖ ಸಣ್ಣದಾಯಿತು. ಮನೆಗೆ ಬಂದ ಮೇಲೆ ವಾಲ್ದೆಮಾರ್ ಬೈಯಲಿಲ್ಲ, ಹೊಡೆಯಲಿಲ್ಲ. "ಬಿದ್ದೋರನ್ನ ಎತ್ತೋದು ಬೀದೀಲಿ ಪುಣ್ಯ ಕಣೋ ಸ್ವೆಂಡ್. ನಮ್ ಕೆಲಸದಲ್ಲಿ ಅದು ಕಳ್ಳತನ. ಬೀಳೋದು ಭೂಮಿ ಎಳ್ಕೊಳ್ಳೋದು. ಏಳೋದೊಂದೇ ನಂದು. ಅದನ್ನೂ ಕಿತ್ಕೊಂಡ್ಯಲ್ಲೋ," ಎಂದನಂತೆ. ಸ್ವೆಂಡ್ ಸಾಯುವವರೆಗೂ ಆ ಮಾತನ್ನು ಹೇಳಿಕೊಂಡು ನಗುತ್ತಿದ್ದ.

ಚಿತ್ರಗಳಿಗೆ ಮಾತು ಬಂದದ್ದೇ ತಡ, ವಾಲ್ದೆಮಾರನ ಕಸುಬು ಮಲಗಿತು. ಅವನ ರೀಲುಗಳಲ್ಲಿ ಕೆಲವು ಸುಟ್ಟುಹೋದವು, ಉಳಿದವನ್ನು ಕರಗಿಸಿ ಏನೇನೋ ಮಾಡಿಕೊಂಡರು. ಅದಕ್ಕವನು ಅಳುತ್ತಾ ಕೂರಲಿಲ್ಲ. ಗಾಡಿ ಹೋದರೆ ಹೋಗಲಿ, ಎತ್ತು ಇದೆಯಲ್ಲ ಎಂದುಕೊಂಡು, ಚಳಿಗಾಲದ ಕೊನೆಗೆ ಬರುವ ಫಾಸ್ಟೆಲಾವ್ನ್ ಹಬ್ಬದ ದಿನ ತಮ್ಮ ವಠಾರದ ನೆಲಮಾಳಿಗೆಯ ಸಭಾಂಗಣಕ್ಕೆ ಏಣಿ ತಂದು ನಿಲ್ಲಿಸಿದ. ಬಣ್ಣದ ಪೀಪಾಯಿ ನೇತುಹಾಕಿ ದೊಣ್ಣೆಯಿಂದ ಒಡೆದು, ಕೆನೆ ತುಂಬಿದ ಬನ್ ತಿಂದ ಮೇಲೆ ವಾಲ್ದೆಮಾರನ ಏಣಿಯಾಟ. ಅವನ ನಂತರ ಸ್ವೆಂಡ್. ಸ್ವೆಂಡನ ನಂತರ ಬೋಡಿಲ್.

ಹೆಣ್ಣುಮಗಳು ಏಣಿಯಿಂದ ಬೀಳುವುದೇ ಎಂದು ಮೂಗು ಮುರಿದವರು ಇಲ್ಲದಿರಲಿಲ್ಲ. ಬೋಡಿಲ್ ಅಜ್ಜನ ಗುಂಡು ಟೋಪಿ ಇಟ್ಟು, ಕುಂಚದ ಕೂದಲಿನ ಮೀಸೆ ಅಂಟಿಸಿಕೊಂಡು ಬಂದು ಅವರ ತೊಡೆಯ ಮೇಲೆಯೇ ಬಿದ್ದಳು. ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ. ವರ್ಷದ ಉಳಿದ ದಿನವೆಲ್ಲ ಅವಳದು ಸೈಕಲ್ ರಿಪೇರಿ. ವಾಲ್ಬಿಯಲ್ಲಿ ಸೈಕಲ್ ತುಳಿಯುವವರಲ್ಲಿ ಅವಳ ಕೈಯಲ್ಲಿ ಪಂಚರ್ ಹಾಕಿಸದವರು ಕಡಿಮೆ. ಗಂಡ ವೆರ್ನರ್ ಇವತ್ತಿನ ಹಾಸ್ಯಕ್ಕೆ ನಾಳೆ ನಗುವ ಮನುಷ್ಯ. ಹಬ್ಬದ ಮರುದಿನ ಬೆಳಿಗ್ಗೆ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಸವರುತ್ತಾ ಇದ್ದಕ್ಕಿದ್ದಂತೆ ಗೊಳ್ಳೆಂದು ನಕ್ಕುಬಿಡುತ್ತಿದ್ದ. ಅವನು ಹೋದ ಮೇಲೂ ಹಬ್ಬದ ಮರುದಿನ ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಬೋಡಿಲಳ ತುಟಿ ತಾನಾಗಿ ಅರಳುತ್ತದೆ.

ಎಪ್ಪತ್ತು ದಾಟಿದ ಮೇಲೆ ಅವಳ ಸೊಂಟದ ಕೀಲು ಕೈಕೊಟ್ಟಿತು. ಇನ್ನು ಏಣಿಯ ಮೆಟ್ಟಿಲು ತುಳಿಯಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಆ ಚಳಿಗಾಲ ಬೋಡಿಲ್ ಕಿಟಕಿಯ ಬಳಿ ಕೂತು ಬೀದಿಯಲ್ಲಿ ಹೋಗುವ ಸೈಕಲ್ಲುಗಳ ಚೈನಿನ ಸದ್ದು ಕೇಳಿಯೇ ಅವುಗಳ ರೋಗ ಹೇಳುತ್ತಿದ್ದಳು. ಅವಳ ಬೇಸರ ನೋಡಲಾರದೆ ಎದುರು ಮನೆಯ ಎಗೊನ್ ತನ್ನ ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟ. ಹಡಗಿನಲ್ಲಿ ವಿದ್ಯುತ್ ಕೆಲಸ ಮಾಡಿ ನಿವೃತ್ತನಾದ ಎಗೊನನಿಗೆ ಕಂಪ್ಯೂಟರಿನಲ್ಲಿ ಚೌಕ ಚೌಕ ಇಟ್ಟಿಗೆ ಪೇರಿಸಿ ಊರು ಕಟ್ಟುವ ಆಟದ ಹುಚ್ಚು.

"ಇದರಲ್ಲಿ ಗೆಲ್ಲೋದು ಹ್ಯಾಗೆ?" ಎಂದಳು ಬೋಡಿಲ್.

"ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಬೇಕಾದ್ದು ಕಟ್ಟು, ಬೇಕಾದಲ್ಲಿ ತಿರುಗು."

"ಮತ್ತೆ ಅದನ್ನ ಆಟ ಅಂತ ಯಾಕಂತಾರೆ? ಸಂಸಾರ ಅನ್ನು."

ಮೂಗು ಮುರಿದುಕೊಂಡೇ ಅವಳು ಮೌಸ್ ಹಿಡಿದಳು. ಪರದೆಯ ಮೇಲೆ ಮರದ ತುಂಡಿನಂಥ ಬೊಂಬೆಯೊಂದು ನಿಂತಿತ್ತು. ಮೌಸನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು. ಬೊಂಬೆಯ ತಲೆ ಬಲಕ್ಕೆ ತಿರುಗಿತು. ಮೈ ಇದ್ದಲ್ಲೇ ಇತ್ತು. ಇನ್ನಷ್ಟು ಸರಿಸಿದಾಗ ಯಾರೋ ಕರೆದಂತೆ ಮೈಯೂ ತಿರುಗಿತು.

ಬೋಡಿಲ್ ಕುರ್ಚಿಯ ತುದಿಗೆ ಬಂದಳು. "ಎಗೊನ್! ನಮ್ಮಜ್ಜ ಕಣೋ ಇವನು!"

"ಯಾರು?"

"ತಲೆ ಮೊದಲು, ಮೈ ಆಮೇಲೆ. ನಮ್ಮಪ್ಪಂಗೆ ಇದು ಬರಲಿಕ್ಕೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ? ಈ ಕೊರಡಿಗೆ ಹುಟ್ಟುತ್ತಲೇ ಬಂದಿದೆ!"

ಅಂದಿನಿಂದ ಅವಳಿಗೆ ಊರು ಕಟ್ಟುವುದು ಬೇಡವಾಯಿತು. ಬೊಂಬೆಯನ್ನು ನಡೆಸುವಳು, ನಿಲ್ಲಿಸುವಳು, ತಲೆ ತಿರುಗಿಸುವಳು, ಕುಕ್ಕರಿಸುವಳು. ಸೈಕಲ್ಲಿನ ಬೇರಿಂಗು ಬಿಗಿಸಿ ಬಿಗಿಸಿ ಪಳಗಿದ ಬೆರಳುಗಳು ಈಗ ಸ್ವಲ್ಪ ನಡುಗುತ್ತಿದ್ದವು. ಆ ನಡುಕ ಬೊಂಬೆಯ ಕತ್ತಿಗೂ ಇಳಿಯುತ್ತಿತ್ತು.

ಹಬ್ಬ ಹತ್ತಿರವಾಯಿತು. ವಠಾರದ ಸಭೆಯಲ್ಲಿ ಅಧ್ಯಕ್ಷೆ ಮೆರೆತೆ ನಯವಾಗಿ ಮಾತು ತೆಗೆದಳು. ಮೆರೆತೆ ಒಳ್ಳೆಯವಳೇ, ಆದರೆ ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವವಳು.

"ಬೋಡಿಲ್, ಈ ಸಲ ನಿಮಗ್ಯಾಕೆ ತೊಂದರೆ? ಪೇಟೆಯಿಂದ ಒಬ್ಬ ಜಾದೂಗಾರನ್ನ ಕರೆಸೋಣ ಅಂತಿದೀವಿ. ಟೋಪಿಯಿಂದ ಮೊಲ ತೆಗೀತಾನಂತೆ."

"ಮೊಲ ಬೀಳುತ್ತಾ?"

"ಇಲ್ಲಪ್ಪ."

"ಹಾಗಿದ್ರೆ ಅದನ್ನ ಟೋಪಿ ಒಳಗೇ ಇರೋಕೆ ಬಿಡಿ. ಏಣಿಯಾಟ ನಡೆಯತ್ತೆ. ಪರದೆ ಮೇಲೆ ನಡೆಯತ್ತೆ."

ಜನ ಮುಖ ಮುಖ ನೋಡಿಕೊಂಡರು. ಮೆರೆತೆ, "ಈ ಸಲ ಮಾಡಿ. ಜನ ನಗದಿದ್ರೆ ಮುಂದಿನ ವರ್ಷದಿಂದ ಜಾದೂ. ಬೇಜಾರು ಮಾಡ್ಕೋಬಾರದು," ಎಂದಳು. ಬೋಡಿಲ್ ಒಪ್ಪಿದಳು. ಮೂರು ತಲೆಮಾರಿನ ಏಣಿ ಒಂದು ಮರದ ಬೊಂಬೆಯ ಹೆಗಲೇರಿತು.

ತಯಾರಿಗೆ ಕೂತಾಗ ಬೋಡಿಲಳಿಗೂ ಎಗೊನನಿಗೂ ಜಟಾಪಟಿ. ಬೊಂಬೆ ಬಿದ್ದಾಗ ಕೈಕಾಲು ಸಡಿಲಾಗಿ, ಒದ್ದೆ ಬಟ್ಟೆಯಂತೆ ಮೆಟ್ಟಿಲ ಮೇಲೆಲ್ಲ ಜೋತುಬೀಳುವ ಹಾಗೆ ಎಗೊನ್ ಏನೋ ಜೋಡಿಸಿಕೊಂಡು ಬಂದಿದ್ದ. ನೋಡಿದರೆ ನಿಜವಾಗಿ ಬಿದ್ದವನಂತೆಯೇ ಇತ್ತು.

"ಹೆಂಗಿದೆ?" ಎಂದ, ಎದೆ ಉಬ್ಬಿಸಿ.

"ಸತ್ತಂಗಿದೆ. ತೆಗೆದುಹಾಕು."

"ಬೋಡಿಲ್, ಮೂಳೆ ಮೂಳೆಗೂ ಲೆಕ್ಕ ಹಾಕಿದೀನಿ ಮಾರಾಯ್ತಿ!"

"ಮೂಳೆ ಎಣಿಸೋದು ಆಸ್ಪತ್ರೆಯೋರು. ಇವನಿಗೆ ಮರ್ಯಾದೆ ಇರಬೇಕು. ಸೆಟೆದುಕೊಂಡು ಬೀಳಬೇಕು, ಸೆಟೆದುಕೊಂಡೇ ಏಳಬೇಕು. ಮರ್ಯಾದೆ ಇದ್ದೋನು ಬಿದ್ದರೇ ನಗು ಬರೋದು."

ಎಗೊನ್ ಗೊಣಗುತ್ತಾ ತೆಗೆದುಹಾಕಿದ. ಅವರಿಬ್ಬರೂ ಸೇರಿ ಒಂದು ಕಾಲುವೆ, ಕಾಲುವೆಯ ದಂಡೆಗೆ ಹಳದಿ ಮನೆ, ಅದರ ಗೋಡೆಗೊಂದು ಏಣಿ ಕಟ್ಟಿದರು. ಸುಣ್ಣದ ಬಕೆಟ್ಟು ಹಿಡಿದ ಬೊಂಬೆ ಏಣಿ ಹತ್ತಬೇಕು, ಕಾಲುವೆಗೆ ಬೀಳಬೇಕು, ಎದ್ದು ಬಂದು ಏಣಿಯನ್ನು ದುರುಗುಟ್ಟಿ ನೋಡಿ ಮತ್ತೆ ಹತ್ತಬೇಕು. ಅಂದಕ್ಕಿರಲಿ ಎಂದು ಎಗೊನ್ ಪಕ್ಕದ ಹುಲ್ಲಿನಲ್ಲಿ ಒಂದು ಕುರಿಯನ್ನೂ ಬಿಟ್ಟಿದ್ದ. ಆ ಆಟದಲ್ಲಿ ಕುರಿಗಳು ಯಾರ ಮಾತೂ ಕೇಳುವುದಿಲ್ಲ. ತಮ್ಮ ಪಾಡಿಗೆ ಅಲೆಯುತ್ತವೆ.

ಹಬ್ಬದ ದಿನ ಸಭಾಂಗಣ ಕಿಕ್ಕಿರಿದಿತ್ತು. ಪೀಪಾಯಿ ಒಡೆದದ್ದಾಯಿತು, ಬನ್ನಿನ ತಟ್ಟೆಗಳು ಸುತ್ತಿದವು. ಬೋಡಿಲ್ ಅಜ್ಜನ ಗುಂಡು ಟೋಪಿ ಇಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು. ಪಕ್ಕದಲ್ಲಿ ಎಗೊನ್. ದೀಪ ಆರಿಸಿದರು. ಗೋಡೆಯ ಪರದೆಯ ಮೇಲೆ ಹಳದಿ ಮನೆ ಬೆಳಗಿತು.

ಬೊಂಬೆ ನಡೆದು ಬಂತು, ಏಣಿ ಹತ್ತಿತು, ಬಿತ್ತು. ಯಾರೋ ಕೆಮ್ಮಿದರು. ಎದ್ದು ಬಂತು, ಹತ್ತಿತು, ಮತ್ತೆ ಬಿತ್ತು. ಹಿಂದಿನ ಸಾಲಿನಲ್ಲಿ ಮರ್ಯಾದೆಗೆ ಇಬ್ಬರು ಚಪ್ಪಾಳೆ ತಟ್ಟಿದರು. ಕೆನ್ನೆಗೆ ಹೊಡೆದಂಥ ಚಪ್ಪಾಳೆ ಅದು. ಮೆರೆತೆಯ ಮುಖದಲ್ಲಿ ಅಚ್ಚುಕಟ್ಟಾದ ಮುಗುಳ್ನಗೆ. ಎಲ್ಲಿ ತಪ್ಪಾಯಿತೆಂದು ಬೋಡಿಲಳಿಗೆ ಹೊಳೆಯಿತು: ಹೆದರಿಕೆಯಲ್ಲಿ ಅವಸರ ಮಾಡಿದ್ದಳು. ಬಿದ್ದ ಬೊಂಬೆಯನ್ನು ತಾನೇ ದರದರ ಎಳೆದು ತರುತ್ತಿದ್ದಳು. ಅವಳಪ್ಪ ಅಂದು ಮಾಡಿದ್ದೂ ಅದೇ.

ಮೂರನೆಯ ಸಲ ಹತ್ತಲೆಂದು ಬೊಂಬೆ ದಡ ಏರಿ ಏಣಿಯ ಬಳಿ ಬರುವಷ್ಟರಲ್ಲಿ ಕುರಿ ಅಲೆಯುತ್ತಾ ಬಂದು ಅಡ್ಡ ನಿಂತಿತು. ತಳ್ಳಾಟದಲ್ಲಿ ಬೊಂಬೆ ಗೋಡೆಗೂ ಏಣಿಗೂ ನಡುವಿನ ಮೂಲೆಗೆ ಹೊಕ್ಕಿತು. ಮುಂದೆ ಗೋಡೆ, ಹಿಂದೆ ಕುರಿ. ಬೋಡಿಲ್ ಬೊಂಬೆಯನ್ನು ನಡೆಸುವ ಗುಂಡಿಯನ್ನು ಒತ್ತಿಯೇ ಇದ್ದಳು. ಬೊಂಬೆ ಗೋಡೆಗೆ ಮೂಗು ತಾಗಿಸಿಕೊಂಡು, ದೊಡ್ಡ ಕೆಲಸಕ್ಕೆ ಹೊರಟವನಂತೆ, ಇದ್ದಲ್ಲೇ ದಾಪುಗಾಲು ಹಾಕುತ್ತಿತ್ತು.

ಸಾಲಿನಲ್ಲಿ ಎಲ್ಲೋ ಯಾರೋ ಕಿಸಕ್ಕೆಂದರು.

ಬೋಡಿಲ್ ಗುಂಡಿಯಿಂದ ಬೆರಳು ತೆಗೆದಳು. ಬೊಂಬೆ ನಿಂತಿತು. ಮೌಸನ್ನು ಕೂದಲೆಳೆಯಷ್ಟು ಸರಿಸಿದಳು. ಬೊಂಬೆಯ ತಲೆ, ಮೈಯನ್ನು ಅಲ್ಲೇ ಬಿಟ್ಟು, ನಡುಗುತ್ತಾ ನಡುಗುತ್ತಾ ಕುರಿಯ ಕಡೆ ತಿರುಗಿತು. ಅದೇ ಗಳಿಗೆಗೆ ಕುರಿಯೂ ತಲೆ ತಿರುಗಿಸಿ ಬೊಂಬೆಯನ್ನು ನೋಡಿತು. ಇಬ್ಬರೂ ಹಾಗೇ ನಿಂತರು. ಅತ್ತೆಯ ಮನೆಯ ಅಡುಗೆಕೋಣೆಯಲ್ಲಿ ಎದುರಾದ ಇಬ್ಬರು ಅಳಿಯಂದಿರಂತಿತ್ತು. ಆಮೇಲೆ, ಯಾರೋ ಕರೆದಂತೆ, ಬೊಂಬೆಯ ಮೈ ತಿರುಗಿತು. ತಿರುಗಿದ್ದೇ ಅದು ಕುರಿಗೆ ಕುಕ್ಕರಿಸಿ ನಮಸ್ಕಾರ ಹಾಕಿ, ಮತ್ತೆ ಗೋಡೆಗೆ ಮುಖ ಮಾಡಿ ನಡೆಯತೊಡಗಿತು.

ಸಭಾಂಗಣ ನಗೆಯಿಂದ ಸ್ಫೋಟಿಸಿತು. ಕೆನೆ ಮೆತ್ತಿದ ಬಾಯಿಗಳು ತೆರೆದೇ ಉಳಿದವು. ಒಬ್ಬಾತ ಬನ್ನಿನ ಸಮೇತ ಕುರ್ಚಿಯಿಂದ ಜಾರಿದ. ಅವನನ್ನು ಎತ್ತಲು ಯಾರಿಗೂ ತ್ರಾಣವಿರಲಿಲ್ಲ. ಮೆರೆತೆ ಪೀಪಾಯಿಯ ಹಲಗೆಯೊಂದನ್ನು ಎದೆಗವಚಿಕೊಂಡು ಕಣ್ಣೀರು ಒರೆಸುತ್ತಿದ್ದಳು.

ಎಗೊನನಿಗೆ ಮಾತ್ರ ಜೀವ ಹೋದಂತಾಗಿತ್ತು. ನಗುವಿನ ಗದ್ದಲದಲ್ಲಿ ಅವಳ ಕಿವಿಗೆ ಬಾಗಿ, "ಸಿಕ್ಕಿಹಾಕ್ಕೊಂಡ ಕಣೆ! ಕೊಡು ಇಲ್ಲಿ, ಒಂದೇ ಗುಂಡಿ ಒತ್ತಿದ್ರೆ ಹೊರಗೆ ತಂದುಬಿಡ್ತೀನಿ," ಎಂದು ಕೈ ಚಾಚಿದ.

ಬೋಡಿಲ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಟೋಪಿಯನ್ನು ಹಿಂದಕ್ಕೆ ತಳ್ಳಿ ಅವನ ಕೈಮೇಲೆ ಪಟ್ಟೆಂದು ಹೊಡೆದಳು.

"ಮುಟ್ಟಬೇಡ ಎಗೊನ್. ಅವನು ಸಿಕ್ಕಿಹಾಕ್ಕೊಂಡಿಲ್ಲ, ದುಡೀತಾ ಇದ್ದಾನೆ. ನೀ ಹೋಗಿ ಬನ್ನು ತಿನ್ನು."