ಶನಿವಾರ ಮಧ್ಯಾಹ್ನದ ಲೈನು

ಸರ್ಕಾರಿ ಬ್ರಾಡ್‌ಬ್ಯಾಂಡನ್ನು ಊರೂರಿಗೆ ನ್ಯಾಯವಾಗಿ ಹಂಚಿಕೊಡಲು ರಾಜ್ಯಕ್ಕೊಂದು ಆಯೋಗ ಬೇಕು ಎಂದು ವಾದಿಸಿದವರಲ್ಲಿ ನಾನೂ ಒಬ್ಬಳು. ಇವತ್ತು ಕೇಳಿದರೂ ಬೇಕು ಎಂದೇ ಹೇಳುತ್ತೇನೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಕೆಟ್ಟ ಯೋಜನೆ ಕೆಟ್ಟದ್ದು ಮಾಡಿದರೆ ಬಾಯಿಗೆ ಬಂದಂತೆ ಬೈದು ಮರೆತುಬಿಡಬಹುದು. ಒಳ್ಳೆಯ ಯೋಜನೆ ಬರುತ್ತದೆಂದು ಕಾದು ಕೂತು, ಅಷ್ಟರಲ್ಲಿ ಕೈಲಿದ್ದದ್ದೂ ಹೋದರೆ ಯಾರನ್ನು ಬೈಯಬೇಕೋ ನನಗೆ ಈಗಲೂ ತಿಳಿದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಎಚ್.ಡಿ. ಕೋಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಪಹಣಿಯನ್ನು ಕೈಬರಹದ ಬದಲು ಕಂಪ್ಯೂಟರಿನಲ್ಲಿ ಅಚ್ಚು ಹಾಕಿ ಕೊಡುವುದು ಆಗಷ್ಟೇ ಶುರುವಾಗಿತ್ತು. ಅದಕ್ಕೆಂದು ತಾಲ್ಲೂಕು ಕಚೇರಿಯ ಒಂದು ಕೋಣೆಗೆ ಮೈಸೂರಿನಿಂದ ಒಂದು ಇಂಟರ್‌ನೆಟ್ ಲೈನು ಎಳೆದಿದ್ದರು. ಊರಿನ ಸರ್ಕಾರಿ ಕೆಲಸಕ್ಕೆಲ್ಲ ಇದ್ದದ್ದು ಅದೊಂದೇ. ಅದೂ ಸಣ್ಣ ಲೈನು. ಒಬ್ಬರು ಬಳಸುವಾಗ ಇನ್ನೊಬ್ಬರು ಕೈಹಾಕಿದರೆ ಇಬ್ಬರಿಗೂ ಇಲ್ಲ.

ಅದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರು, ಆಸ್ಪತ್ರೆಯವರು, ನಮ್ಮ ಶಾಲೆಯವರು ಒಂದು ದಿನ ಟೀ ಕುಡಿಯುತ್ತ ಸರದಿ ಮಾಡಿಕೊಂಡೆವು. ಬೆಳಗ್ಗೆ ಪಹಣಿ. ಮಧ್ಯಾಹ್ನದ ಮೇಲೆ ಆಸ್ಪತ್ರೆಯವರು ಮೈಸೂರಿಗೆ ಕಳಿಸಬೇಕಾದ ವರದಿಗಳು. ಶನಿವಾರ ಮಧ್ಯಾಹ್ನ ಕಚೇರಿಯಲ್ಲಿ ಜನ ಇರುವುದಿಲ್ಲವಾದ್ದರಿಂದ ನಮ್ಮ ಶಾಲೆ. ಯಾರೂ ಸಹಿ ಹಾಕಲಿಲ್ಲ, ಯಾರೂ ಠರಾವು ಮಾಡಲಿಲ್ಲ. ನಾನು ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಹುಟ್ಟಿದವಳು. ತೂಬು ಎತ್ತಿ, ಇವತ್ತು ಯಾರ ಗದ್ದೆಗೆ ನೀರು, ನಾಳೆ ಯಾರ ಗದ್ದೆಗೆ ಎಂದು ನೋಡುವ ನೀರುಗಂಟಿಯನ್ನು ಕಂಡು ಬೆಳೆದವಳು. ಬಾಯಿಮಾತಿನ ಸರದಿ ನನಗೆ ಹೊಸದೇನಲ್ಲ.

ನಮಗೆ ಲೈನು ಬೇಕಾಗಿದ್ದು ಗಣಿತಕ್ಕೆ. ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ ಬಿದ್ದು ಎಷ್ಟೋ ಕಾಲವಾಗಿತ್ತು. ಬಂದವರು ಬಂದ ಬಸ್ಸಿಗೇ ವಾಪಸು ಹೋಗುತ್ತಿದ್ದರು. ಕೊನೆಗೆ ಮೈಸೂರಿನಲ್ಲಿದ್ದ ಒಬ್ಬ ನಿವೃತ್ತ ಮೇಷ್ಟರು, ಲೈನಿನಲ್ಲೇ ಪಾಠ ಮಾಡುತ್ತೇನೆ, ದುಡ್ಡು ಬೇಡ ಎಂದು ಒಪ್ಪಿದರು. ಅವರ ಮುಖ ಪರದೆಯ ಮೇಲೆ ಬಂದ ಹಾಗೇ ನಿಂತುಬಿಡುತ್ತಿತ್ತು. ಕೆಲವು ಸಲ ಬಾಯಿ ತೆರೆದುಕೊಂಡೇ, ಕೆಲವು ಸಲ ಒಂದು ಕಣ್ಣು ಮುಚ್ಚಿಕೊಂಡು. ಮಾತು ಮಾತ್ರ ಸರಾಗವಾಗಿ ಬರುತ್ತಿತ್ತು. ಮಕ್ಕಳು ನಕ್ಕು ನಕ್ಕು ಸುಸ್ತಾಗಿ ಆಮೇಲೆ ಪಾಠ ಕೇಳುತ್ತಿದ್ದರು.

ಆ ಮಕ್ಕಳ ಹಿಂದೆ, ಕಡೆಯ ಬೆಂಚಿನಲ್ಲಿ, ಮದುವೆಯಾಗಿ ಎರಡು ಮಕ್ಕಳಿದ್ದ ಒಬ್ಬ ಹೆಂಗಸು ಬಂದು ಕೂರುತ್ತಿದ್ದಳು. ಎನ್. ಬೇಗೂರಿನಿಂದಲೂ ಒಳಕ್ಕೆ, ಕಾಡಂಚಿನ ಒಂದು ಗಿರಿಜನ ಹಾಡಿಯವಳು. ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳನ್ನು ಗುಡಿಸಲು ಗುಡಿಸಲಿನಿಂದ ಕರೆತರುವುದು, ಅಡುಗೆ ಮಾಡಿ ಬಡಿಸುವುದು, ಗುಡಿಸಿ ಸಾರಿಸುವುದು ಅವಳ ಕೆಲಸ. ಅಲ್ಲಿದ್ದ ಕಾರ್ಯಕರ್ತೆ ಕೆಲಸ ಬಿಟ್ಟು ಹೋಗಿದ್ದಳು. ಆ ಜಾಗ ಇವಳಿಗೆ ಸಿಗಬೇಕಾದರೆ ಎಸ್ಸೆಸ್ಸೆಲ್ಸಿ ಆಗಬೇಕು. ಮಿಕ್ಕ ವಿಷಯಗಳನ್ನೆಲ್ಲ ಖಾಸಗಿಯಾಗಿ ಕಟ್ಟಿ ಪಾಸು ಮಾಡಿದ್ದಳು, ಗಣಿತ ಒಂದು ಉಳಿದಿತ್ತು. ಆ ಹುದ್ದೆಗೆ ವಯಸ್ಸಿನ ಮಿತಿಯೂ ಇತ್ತು, ಅವಳು ಅದರ ಹತ್ತಿರಕ್ಕೆ ಬಂದಿದ್ದಳು. ಪಾಸು ಮಾಡಿಕೊಂಡು ಬಾ, ಎಷ್ಟು ದಿನ ತಡೆಯಬಹುದೋ ತಡೆಯುತ್ತೇನೆ ಎಂದು ಮೇಲ್ವಿಚಾರಕಿ ಜಾಗವನ್ನು ಖಾಲಿ ಇಟ್ಟಿದ್ದರು.

ಈ ವಯಸ್ಸಿನಲ್ಲಿ ಯಾಕಮ್ಮ ಇಷ್ಟು ಪಾಡು ಎಂದು ನಾನೊಮ್ಮೆ ಕೇಳಿದ್ದೆ.

“ಬ್ಯಾರೆ ಕಡೆಯೋರು ಬಂದ್ರೆ ನಮ್ ಮಕ್ಳು ಬಾಗ್ಲಲ್ಲೇ ನಿಂತ್ಕತ್ತವೆ ಟೀಚರಮ್ಮ, ಒಳೀಕ್ ಬರಾಕಿಲ್ಲ. ಅವ್ರು ಆಡೋ ಮಾತು ಇವ್ಕೆ ತಿಳಿಯಾಕಿಲ್ಲ, ಇವು ಆಡೋದು ಅವ್ರಿಗೆ ತಿಳಿಯಾಕಿಲ್ಲ. ನಾನಾದ್ರೆ ಬತ್ತವೆ.”

ಶನಿವಾರ ಅಂಗನವಾಡಿ ಮುಗಿಸಿ, ಬಸ್ಸು ಹಿಡಿದು ಬಂದು, ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದಳು. ಬೀಜಗಣಿತ ಅವಳಿಗೆ ತಲೆಗೇ ಹತ್ತುತ್ತಿರಲಿಲ್ಲ. ಆದರೆ ಸಂಕೋಚ ಎನ್ನುವುದಿರಲಿಲ್ಲ. ನಿಂತುಹೋದ ಆ ಮುಖಕ್ಕೇ ಕೈಮುಗಿದು ಕೇಳುತ್ತಿದ್ದಳು.

“ಸಾ, ಈ ಎಕ್ಸು ಅನ್ನೋನು ಓದ್ ವಾರ ಮೂರಾಗಿದ್ದ, ಇವತ್ತು ಒಂಬತ್ತು ಅಂತೀರಲ್ಲ ಸಾ?”

“ಅವನು ಬಾಡಿಗೆಗೆ ಇರೋನು ಕಣಮ್ಮ. ಒಂದೊಂದು ಲೆಕ್ಕದಲ್ಲಿ ಒಂದೊಂದು ಮನೆ. ಮೊದಲು ಯಾವ ಮನೇಲಿದಾನೆ ನೋಡು.”

ಬಾಡಿಗೆ ಮನೆಯ ಲೆಕ್ಕ ಅವಳಿಗೆ ಹಿಡಿಸಿಬಿಟ್ಟಿತು. ದಸರಾ ರಜೆ ಮುಗಿಯುವ ಹೊತ್ತಿಗೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನು ನಮ್ಮೆದುರೇ ಕೂತು ಬಿಡಿಸಿದಳು. ಮೇಷ್ಟರು ಉತ್ತರ ಕೇಳಿಸಿಕೊಂಡು, ಇದು ಪಾಸಾಗುತ್ತೆ ಎಂದರು. ಅವತ್ತು ಅವಳು ಎಲ್ಲರಿಗೂ ಕಡಲೆಪುರಿ ಹಂಚಿದಳು.

ಅದೇ ಚಳಿಗಾಲದಲ್ಲಿ ಆಯೋಗದ ಸುದ್ದಿ ಬಂತು. ಸರ್ಕಾರದ ಲೈನುಗಳನ್ನೆಲ್ಲ ಒಂದು ಕಡೆ ಸೇರಿಸಿ, ಯಾರಿಗೆ ಎಷ್ಟು, ಯಾವಾಗ ಎಂದು ತೀರ್ಮಾನಿಸುವ ಆಯೋಗ. ಜನರ ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ಅಧಿಕಾರಿಗಳು ಹುಣಸೂರಿಗೆ ಬಂದರು. ಹುಣಸೂರು ಉಪವಿಭಾಗದ ನಾಲ್ಕೂ ತಾಲ್ಲೂಕಿನವರನ್ನು ಕರೆದಿದ್ದರು. ಪಿರಿಯಾಪಟ್ಟಣದವರು ಹೊಗೆಸೊಪ್ಪಿನ ಹರಾಜಿನ ದರ ಕೂತಲ್ಲೇ ತಿಳಿಯಬೇಕು ಎಂದರು. ಕೆ.ಆರ್. ನಗರದವರು ಭತ್ತದ ದರ ಎಂದರು. ಹುಣಸೂರಿನವರು ಸಭೆ ತಮ್ಮೂರಲ್ಲೇ ಆಗುತ್ತಿದೆಯೆಂದು ಮುಂದಿನ ಸಾಲು ಹಿಡಿದು, ಮದುವೆ ಮನೆಯ ಬೀಗರ ಹಾಗೆ ಕೂತಿದ್ದರು. ನನ್ನ ಸರದಿ ಬಂದಾಗ ನಾನು ನೀರುಗಂಟಿಯ ಕಥೆ ಹೇಳಿದೆ. ನಾಲೆಯ ತಲೆಯ ಕಡೆಯವರಿಗೆ ಹೇಗೂ ಸಿಗುತ್ತದೆ, ಕಡೆಯ ಗದ್ದೆಗೆ ಮೊದಲು ಹಾಯಿಸುವವನೇ ನೀರುಗಂಟಿ, ರಾಜ್ಯಕ್ಕೆ ಅಂಥ ಆಯೋಗ ಬೇಕು ಎಂದೆ. ಚಪ್ಪಾಳೆ ಬಿತ್ತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ಅವಳನ್ನೂ ನಾನೇ ಕರೆದುಕೊಂಡು ಹೋಗಿದ್ದೆ. ಮೈಕು ಕೊಟ್ಟರೆ ಅದನ್ನು ಎದೆಗೆ ಒತ್ತಿಕೊಂಡು ನಿಂತಳು.

“ನಮ್ಗೆ ಶನಿವಾರ ಮದ್ಯಾನ ಐತೆ ಸಾ. ಅದೊಂದ್ ಹಂಗೇ ಇರ್ಲಿ. ಅಷ್ಟ್ ಸಾಕು.”

ಸಭೆಯಲ್ಲಿ ಎಲ್ಲರೂ ನಕ್ಕರು. ವೇದಿಕೆಯ ಮೇಲಿದ್ದ ಅಧಿಕಾರಿ ಮಾತ್ರ ನಗದೆ, ತುಂಬ ಒಳ್ಳೆಯ ದನಿಯಲ್ಲಿ, “ಆಯೋಗ ಆಗ್ಲಿ ಇರಮ್ಮ. ಶನಿವಾರ ಒಂದೇ ಯಾಕೆ, ದಿನಾ ಸಿಗುತ್ತೆ” ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಯೋಚಿಸಿ, “ದಿನಾ ಆದ್ರೆ ಮೇಷ್ಟ್ರಿಗೆ ಬ್ಯಾಸ್ರ ಆಗಾಕಿಲ್ವಾ ಟೀಚರಮ್ಮ?” ಎಂದು ಕೇಳಿದಳು.

ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಹೋದರೆ ಕೋಣೆಗೆ ಬೀಗ. ಗುಮಾಸ್ತರು ಹೊರಗೆ ನಿಂತು ನಮಗೇ ಕಾಯುತ್ತಿದ್ದರು. ಮೇಲಿನಿಂದ ಆದೇಶ ಬಂದಿತ್ತು. ಆಯೋಗ ರಚನೆಯಾಗುವವರೆಗೆ, ಲೈನು ಯಾವ ಕೆಲಸಕ್ಕೆ ಮಂಜೂರಾಗಿದೆಯೋ ಆ ಕೆಲಸಕ್ಕೆ ಮಾತ್ರ ಬಳಸತಕ್ಕದ್ದು.

“ನನ್ನ ಕೈಲೇನಿದೆ ಮೇಡಂ? ಬಾಯಿಮಾತಲ್ಲಿ ಬಳಸ್ಕೊಂಡು ಬಂದೋರು ನಾಳೆ ಅದೇ ನಮ್ಮ ಹಕ್ಕು ಅಂತಾರಂತೆ. ಆಯೋಗ ಬಂದು ಅಳೆದು ಕೊಡೋವರೆಗೂ ಇದ್ದ ಹಾಗೇ ಇರಬೇಕಂತೆ.”

“ಇದ್ದ ಹಾಗೆ ಅಂದ್ರೆ ನಾವೂ ಇದ್ವಲ್ರೀ!” ಎಂದು ನಾನು ಕೂಗಾಡಿದೆ. ಶನಿವಾರ ಮಧ್ಯಾಹ್ನ ಪಹಣಿಗೆ ಯಾವ ನರಪಿಳ್ಳೆ ಬರುತ್ತದೆ ತೋರಿಸಿ ಎಂದೆ. ಅವರು ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಎಂದರು, ಬೀಗ ಮಾತ್ರ ತೆಗೆಯಲಿಲ್ಲ. ಅವರ ತಪ್ಪೂ ಅಲ್ಲ. ಅಲ್ಲಿಂದ ಮುಂದೆ ಪ್ರತಿ ಶನಿವಾರ ಆ ಲೈನು ಯಾರಿಗೂ ಇಲ್ಲದೆ ಸುಮ್ಮನೆ ಬಿದ್ದಿರುತ್ತಿತ್ತು. ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಆದರೂ ನನಗೆ ಭಯವಾಗಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ನಾಲೆ ನಿಲ್ಲಿಸುತ್ತಾರೆ, ಏರಿ ದುರಸ್ತಿ ಮಾಡುತ್ತಾರೆ, ಮಳೆಗಾಲಕ್ಕೆ ಮತ್ತೆ ನೀರು ಬಿಡುತ್ತಾರೆ. ನಿಂತ ನಾಲೆ ಮತ್ತೆ ಹರಿಯುವುದೇ ಇಲ್ಲ ಎಂದು ಯಾರೂ ಹೆದರುವುದಿಲ್ಲ. ಇದೂ ಹಾಗೆಯೇ ಕಣವ್ವ, ಸ್ವಲ್ಪ ದಿನ, ಆಮೇಲೆ ಇನ್ನೂ ಚೆನ್ನಾಗಿ ಬರುತ್ತದೆ ಎಂದು ಅವಳಿಗೆ ಹೇಳಿದೆ.

“ನಮ್ಗೆ ನಾಲೆ ಗೊತ್ತಿಲ್ಲ ಟೀಚರಮ್ಮ. ನಮ್ ಕಡೀಕ್ ಬಂದಿದ್ದು ಇನ್ನೀರು” ಎಂದಳು. ಬೀಚನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿದಾಗ ಅವಳ ಹಿರಿಯರು ಇದ್ದ ಜಾಗ ಹಿನ್ನೀರಿನಲ್ಲಿ ಮುಳುಗಿತ್ತು. ಬೇರೆ ಜಾಗ ಕೊಡುತ್ತೇವೆ, ಕಾಯಿರಿ ಎಂದಿದ್ದರಂತೆ. ಹೀಗೆ ಹೇಳಿದವಳು ನಕ್ಕು, “ಬುಡಿ, ನೀವ್ ಯೋಳ್ತೀರಲ್ಲ, ಕಾಯ್ತೀನಿ” ಎಂದಳು.

ಸುಮ್ಮನೆ ಕಾಯಲೂ ಇಲ್ಲ ಅನ್ನಿ. ಮೇಷ್ಟರು ಎಸ್ಟಿಡಿ ಬೂತಿಗೆ ಫೋನು ಮಾಡಿ ಪಾಠ ಹೇಳಲು ನೋಡಿದರು. ಹಿಂದೆ ನಿಂತವರು, ಮುಗೀತಾ, ಮುಗೀತಾ ಎಂದು ಬೆನ್ನು ತಿವಿಯುವಾಗ ಸಮೀಕರಣ ಬಿಡಿಸುವುದು ಯಾರ ಕೈಲೂ ಆಗದು. ಊರಿನ ಟ್ಯೂಷನ್ನು ದಿನವೂ ಸಂಜೆ, ಆ ಹೊತ್ತಿಗೆ ಬಂದರೆ ಹಾಡಿಗೆ ಹಿಂತಿರುಗಲು ಬಸ್ಸಿಲ್ಲ. ಕೊನೆಗೆ ನಾನೇ ಪುಸ್ತಕ ತೆರೆದು ಕೂತೆ. ಕನ್ನಡ ಟೀಚರ ಗಣಿತ ಹೇಗಿರಬೇಡ! ನಾನು ಮಾಡಿ ತೋರಿಸಿದ ಲೆಕ್ಕದಲ್ಲಿ ಅವಳೇ ತಪ್ಪು ಹುಡುಕಿ, ಬೇಜಾರಾದೀತೆಂದು ಸುಮ್ಮನಿರುತ್ತಿದ್ದಳು.

ಆ ಬೇಸಿಗೆಯಲ್ಲಿ ಪರೀಕ್ಷೆ ಕಟ್ಟಿದಳು, ಸ್ವಲ್ಪದರಲ್ಲಿ ಹೋಯಿತು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಆಯೋಗದ ಕಡತ ಬೆಂಗಳೂರಿನಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿದೆ ಎನ್ನುತ್ತಿದ್ದರು. ಅಧ್ಯಕ್ಷರು ಯಾರಾಗಬೇಕು ಎನ್ನುವುದೇ ಬಗೆಹರಿದಿಲ್ಲ ಎನ್ನುತ್ತಿದ್ದರು. ಅಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟಿತು. ಮೇಲ್ವಿಚಾರಕಿ ಇನ್ನು ತಡೆಯಲಾರದೆ, ರಸ್ತೆ ಬದಿಯ ಹಳ್ಳಿಯೊಂದರ ಹುಡುಗಿಯನ್ನು ಕಾರ್ಯಕರ್ತೆಯಾಗಿ ತೆಗೆದುಕೊಂಡರು. ಪಾಪ, ಆ ಹುಡುಗಿ ಕೆಟ್ಟವಳಲ್ಲ. ಹಾಡಿಯ ಮಾತು ಬರುತ್ತಿರಲಿಲ್ಲ, ಅಷ್ಟೆ.

ಆಯೋಗ ಬಂದಾಗ ನನಗೆ ಹುಣಸೂರಿಗೆ ವರ್ಗವಾಗಿತ್ತು. ಪೇಪರಿನಲ್ಲಿ ಹೂಹಾರ ಹಾಕಿಕೊಂಡವರ ಫೋಟೊ. ಕೆಳಗೆ ನಿಯಮಗಳು. ಒಂದೇ ಲೈನನ್ನು ಹಲವು ಕಚೇರಿಗಳು ಸರದಿಯಲ್ಲಿ ಬಳಸಬಹುದು. ಶಾಲೆ, ಆಸ್ಪತ್ರೆಗಳಿಗೆ ಆದ್ಯತೆ. ದೂರದ ಹಳ್ಳಿಗಳಿಗೆ ಮೊದಲು. ಓದುತ್ತಿದ್ದಂತೆ ಸಿಟ್ಟು ಬಂತು, ಅಳುವೂ ಬಂತು. ನಾವು ಟೀ ಕುಡಿಯುತ್ತ ಮಾಡಿಕೊಂಡಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿರಲಿಲ್ಲ ಅದರಲ್ಲಿ.

ಒಂದು ದಿನ ರಜೆ ಹಾಕಿ ಬೇಗೂರಿನ ಬಸ್ಸು ಹತ್ತಿದೆ. ನನ್ನ ಬಾಯಿಂದಲೇ ಅವಳಿಗೆ ತಿಳಿಯಲಿ ಎನಿಸಿತ್ತು. ಹಾಡಿಯ ಅಂಗನವಾಡಿಯ ಮುಂದೆ ಅವಳು ಒಲೆಯ ಮೇಲೆ ಗಂಜಿ ಕಲಕುತ್ತಿದ್ದಳು. ಬಸ್ಸು ತಪ್ಪಿ ಕಾರ್ಯಕರ್ತೆ ಅವತ್ತು ಬಂದಿರಲಿಲ್ಲ. ಒಳಗೆ ಮಕ್ಕಳೆಲ್ಲ ಸಾಲಾಗಿ ಕೂತು, ಅವಳು ಹೊರಗಿನಿಂದಲೇ ಎತ್ತಿಕೊಟ್ಟ ಹಾಡನ್ನು ಕಿರುಚಿ ಹೇಳುತ್ತಿದ್ದವು. ಆಯೋಗ ಆಯಿತಂತೆ ಎಂದೆ. ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು.

“ಆಯ್ತಾ! ಅಂಗಾರೆ ಟೀಚರಮ್ಮ, ತಡ ಆಗಿದ್ದು ಈವಮ್ಮಂದಲ್ಲ, ನಮ್ದು ಅಂತ ಅವ್ರು ಒಂದ್ ಕಾಗ್ದ ಬರ್ಕೊಡ್ತಾರಾ? ಅವ್ರಿಗೆ ಕಾದಿದ್ದಷ್ಟು ನನ್ ವಯಸ್ಸಲ್ಲಿ ಕಳೀಲಿ. ಪರೀಕ್ಷೆ ನಾನ್ ಬರೀತೀನಿ.”

ತಮಾಷೆ ಮಾಡುತ್ತಿದ್ದಾಳೆಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಇಷ್ಟು ದಿನವೂ ಅವಳು ಆಯೋಗವನ್ನು ಕಾಯುತ್ತಲೇ ಇದ್ದಳು ಎಂದು ನನಗೆ ಗೊತ್ತಾದದ್ದು ಆಗ. ಅಂಥ ಕಾಗದ ಯಾರೂ ಕೊಡುವುದಿಲ್ಲ ಎಂದು ಹೇಳಲು ಅಲ್ಲಿ ನನ್ನ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹೇಳಿದೆ. ಅವಳು ತಲೆಯಾಡಿಸಿ, ಗಂಜಿ ಇಳಿಸಿಕೊಂಡು ಮಕ್ಕಳಿಗೆ ಬಡಿಸಲು ಒಳಗೆ ಹೋದಳು.